ಎರಡು ದಿನದ ದನಿ

"ಮೊದಲಿಂದ ತರೋಕೆ ನಿನಗೇನು ದಾಡಿಯಾಗಿತ್ತು?"

"ಅತ್ತಿಗೆ, ಫೈಲು ಅರ್ಧ ಆಗಲೇ ಬಂದಿತ್ತಲ್ಲ. ಮಿಕ್ಕಿದ್ದನ್ನ ಮುಂದುವರಿಸು ಅಂತ ಕೊಟ್ಟೆ. ಅಷ್ಟು ಸಣ್ಣ ಲೈನಲ್ಲಿ ಮತ್ತೆ ಮೊದಲಿಂದ ತಂದ್ರೆ ಗಾಳಿ ಲೆಕ್ಕ ಬರೋದು ಯಾವಾಗ?"

"ಗಾಳಿ ಲೆಕ್ಕಕ್ಕೆ ಬೆಂಕಿ ಹಾಕ. ನಿನ್ನ ತಲೆಗೂ ಸೇರಿಸಿ."

ಮೈದುನ ಕೀಬೋರ್ಡಿನಿಂದ ಕೈ ತೆಗೆದ. ಬಂದರಿನ ಹಿಂದಿನ ಬೀದಿಯಲ್ಲಿ, ಹಗ್ಗದ ಅಂಗಡಿಯ ಮೇಲಿನ ಆ ಒಂದೇ ಕೋಣೆ ಅವರಿಬ್ಬರ ಆಫೀಸು. ದೂರದ ನಡುಗಡ್ಡೆಯಲ್ಲಿ ಅಳೆದ ಗಾಳಿ, ಅಲೆಗಳ ಅಂಕಿಗಳನ್ನು ಬೆಳಿಗ್ಗೆ ತರಿಸಿಕೊಂಡು, ಸರಿನೋಡಿ, ಹಡಗಿನವರಿಗೆ ಕಳಿಸುವುದು ಕೆಲಸ. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿದರೆ ಅಲ್ಲಿಯ ಫೈಲು ಇಲ್ಲಿಗೆ ಬರುತ್ತದೆ. ಅರ್ಧಕ್ಕೆ ನಿಂತರೆ, 'ಮುಂದುವರಿಸು' ಎಂದು ಕೊಟ್ಟರೆ ಉಳಿದಷ್ಟೇ ಬಂದು ಸೇರಿಕೊಳ್ಳುತ್ತದೆ.

ನಡುಗಡ್ಡೆಯ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವನು ಅತ್ತಿಗೆಯ ಗಂಡ. ಅಲ್ಲಿಗೆ ಫೋನಿಲ್ಲ. ಅಂಕಿಗಳ ಪಕ್ಕದಲ್ಲಿ ತನ್ನ ಮಾತನ್ನೂ ರೆಕಾರ್ಡ್ ಮಾಡಿ ಇಡುತ್ತಿದ್ದ. ಆ ಫೈಲಿನ ಹೆಸರು ಯಾವಾಗಲೂ 'ಮನೆ'. ಹಳೆಯ ಮಾತನ್ನು ಅಳಿಸಿ ಹೊಸದನ್ನು ಅದರ ಮೇಲೆಯೇ ಹೇಳುವುದು ಅವನ ಚಾಳಿ. ಬೇರೆ ಹೆಸರಿಡು ಎಂದು ತಮ್ಮ ಸಾಮಾನು ದೋಣಿಯಲ್ಲಿ ಚೀಟಿ ಕಳಿಸಿ ಬಡಕೊಂಡಿದ್ದ. "ಮನೆ ಒಂದೇ ಅಲ್ವೇನೋ?" ಎಂದು ರೆಕಾರ್ಡಿನಲ್ಲೇ ನಕ್ಕಿದ್ದ.

ಅಲ್ಲಿ ಅವನ ಕೆಲಸದ ಅವಧಿ ಮುಗಿದಿತ್ತು. ಇಳಿದು ಬರಬಹುದು, ಇಲ್ಲವೇ ಇನ್ನೊಂದು ಅವಧಿ ಅಲ್ಲೇ ಇರಬಹುದು. ಯಾವುದೆಂದು ಅವನೇ ಹೇಳಬೇಕಿತ್ತು. ಸೋಮವಾರ 'ಮನೆ' ಅರ್ಧ ಬರುವಷ್ಟರಲ್ಲಿ ಲೈನ್ ಕಡಿಯಿತು. ಬಂದಷ್ಟನ್ನೇ ಕೇಳಿದ ಅವಳು ಮನೆಗೆ ಹೋಗಿ ಮಂಚವನ್ನು ಒಬ್ಬಳೇ ಕಿಟಕಿಯ ಬಳಿಗೆ ಎಳೆದಳು. ನೆಲದ ಮೇಲೆ ಉದ್ದಕ್ಕೆ ಗೀರು ಬಿತ್ತು. ಮಂಗಳವಾರ ಮೈದುನ ಉಳಿದರ್ಧ ತಂದ. ಅಂದೇ ಬಿರುಗಾಳಿಗೆ ನಡುಗಡ್ಡೆಯ ಆಂಟೆನಾ ಉರುಳಿತೋ ಏನೋ, ಆಮೇಲೆ ಆ ಕಡೆಯಿಂದ ಉತ್ತರವೇ ಇಲ್ಲ.

ಅವಳು ರೆಕಾರ್ಡನ್ನು ಮತ್ತೆ ಹಾಕಿದಳು.

"ಕೇಳೇ, ತೀರ್ಮಾನ ಮಾಡ್ದೆ. ಬಂದ್ಬಿಡ್ತೀನಿ. ಈ ದೋಣಿಗೇ. ನೀನು ಮಂಚಾನ ಕಿಟಕಿ ಹತ್ರ ಎಳೆದು—" ಚಟ್ ಎಂದಿತು. ಮುಂದೆ ಅದೇ ದನಿ, ಆದರೆ ಮೂಗು ಕಟ್ಟಿದೆ, ಹಿಂದೆ ಗಾಳಿ ಊಳಿಡುತ್ತಿದೆ. "—ಅಂತ ನೀನೇ ಹೇಳು. ಬೇಜಾರು ಮಾಡ್ಕೋಬೇಡ. ಚಿಲಕಕ್ಕೆ ಎಣ್ಣೆ ಬಿಡು."

"ಸೋಮವಾರ ನೆಗಡಿ ಇರಲಿಲ್ಲ," ಎಂದಳು. "ಈ ಬಾಲ ಮಂಗಳವಾರದ್ದು. ಅವರು ಮಾತು ಬದಲಾಯಿಸಿದ್ದಾರೆ. ಇದರ ತಲೆ ಎಲ್ಲಿ?"

"ಅದು ಬರಲೇ ಇಲ್ಲ ಅತ್ತಿಗೆ. ನನ್ನ ಹತ್ರ ಇಷ್ಟಿದೆ, ಮುಂದಿಂದ ಕೊಡು ಅಂತ ನಮ್ಮ ಕಂಪ್ಯೂಟರ್ ಕೇಳುತ್ತೆ. ಅವರದು ಅಲ್ಲಿಂದ ಕೊಡುತ್ತೆ. ಅದೇ ಫೈಲಾ ಅಂತ ಯಾರೂ ಕೇಳಲ್ಲ. ಪ್ರಪಂಚವೆಲ್ಲ ಒಪ್ಪಿದ ನಿಯಮ, ನಾನು ಮಾಡಿದ್ದಲ್ಲ. ಅಳತೆ ನೋಡು ಅಂತಿದೆ, ಮಾತು ಕೇಳು ಅಂತಿಲ್ಲ."

"ಹಾಗಾದ್ರೆ ಪ್ರಪಂಚವನ್ನೇ ಕರಿ. ಬಂದು ಹೇಳಲಿ, ನಿಮ್ಮಣ್ಣ ಬರ್ತಾರೋ ಇಲ್ಲವೋ."

ಅವನು ಮೊದಲಿಂದ ತರುವ ಸಾಲನ್ನು ಟೈಪ್ ಮಾಡಿದ. ಕರ್ಸರ್ ಮಿನುಗುತ್ತ ನಿಂತಿತು.

"ಬೇಜಾರು ಮಾಡ್ಕೋಬೇಡ ಅಂದದ್ದು ನೆಗಡಿಗೇ ಇರಬಹುದು," ಎಂದ.

"ನೆಗಡಿ ಬಂದಾಗ ಹೆಂಡತಿ ಬೇಜಾರು ವಿಚಾರಿಸೋ ಗಂಡಸನ್ನ ನಿಮ್ಮ ವಂಶದಲ್ಲಿ ಕಂಡಿದ್ದೀಯಾ?"

ಅವನಿಗೆ ನಗು ಬಂತು, ನುಂಗಿಕೊಂಡ. ಅವಳು ನಗಲಿಲ್ಲ. 'ಎಳೆದು' ಎಂಬಲ್ಲಿಗೆ ಬಂದಾಗ ನಿಲ್ಲಿಸಿ, ಹಿಂದಕ್ಕೆ ಒಯ್ದು, ಮತ್ತೆ ಕೇಳಿದಳು. ಆ ಪದದ ಕೊನೆಯಲ್ಲಿ ಗಂಡ ಉಸಿರು ತೆಗೆದುಕೊಂಡದ್ದು ಕೇಳುತ್ತಿತ್ತು. ಇನ್ನೇನೋ ಹೇಳುವವನಿದ್ದ.

ಬಂದರಿನಿಂದ ನಡುಗಡ್ಡೆಗೆ ಹೊರಡುವ ಸಾಮಾನು ದೋಣಿಯ ಕೂಗು ಕೇಳಿಸಿತು. ಅವಳು ಬ್ಯಾಗು ಹೆಗಲಿಗೆ ಹಾಕಿ, ಮೇಜಿನ ಕೆಳಗೆ ಕಾಲಿನಿಂದ ಚಪ್ಪಲಿ ಹುಡುಕಿದಳು.

"ಅಣ್ಣ ಅದೇ ದೋಣೀಲಿ ವಾಪಸ್ ಬರಬಹುದು. ಇಲ್ಲೇ ಕಾಯಿರಿ."

"ಬರೋದಾದ್ರೆ ಜೊತೆಗೆ ಬರ್ತೀವಿ. ಅರ್ಧ ಮಾತು ಇಟ್ಕೊಂಡು ಎಷ್ಟು ದಿನ ಬದುಕಲಿ ನಾನು?"

"ಇಲ್ಲಿ ಕೆಲಸ?"

"ಮುಂದುವರಿಸು ಅಂತ ಕೊಡು."

ಮರದ ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸದ್ದು ಕೆಳಗಿಳಿದು, ಹಗ್ಗದ ಅಂಗಡಿ ದಾಟಿ, ಬೀದಿಯಲ್ಲಿ ಕರಗಿತು.

ದೋಣಿ ಖಾಲಿ ಪೀಪಾಯಿಗಳನ್ನು ಹೇರಿಕೊಂಡು ಮರಳಿತು. ಅಣ್ಣ, ಅತ್ತಿಗೆ ಇಬ್ಬರೂ ಅದರಲ್ಲಿರಲಿಲ್ಲ, ನಡುಗಡ್ಡೆಯಲ್ಲೇ ಉಳಿದಿದ್ದರು. ಆಂಟೆನಾ ಎದ್ದು ನಿಂತ ಮೇಲೆ ಗಾಳಿ, ಅಲೆಗಳ ಅಂಕಿಗಳು ಮೊದಲಿನಂತೆ ಬರತೊಡಗಿದವು. ಮೈದುನ ದಿನವೂ ಪಟ್ಟಿಯ ಕೊನೆಯವರೆಗೆ ನೋಡುತ್ತಿದ್ದ. 'ಮನೆ' ಎಂಬ ಫೈಲು ಮತ್ತೆ ಬರಲಿಲ್ಲ.