ಕಡಲಹಕ್ಕಿಯ ಕಾಲಿನ ಮೂರನೆಯ ಚೀಟಿ

ಸಂಗ್ರಹಾಲಯದ ಹಕ್ಕಿ ವಿಭಾಗ ನೋಡಿಕೊಳ್ಳುವವಳು ಬೆಳಗಿನಿಂದ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದಳು. ಮೇಜಿನ ಮೇಲೆ, ಹತ್ತಿ ತುಂಬಿಟ್ಟ ಪುಟ್ಟ ವಲಸೆ ಕಡಲಹಕ್ಕಿಯೊಂದು ಮಲಗಿತ್ತು. ಅದರ ಕಾಲಿಗೆ, ಅದು ಯಾವ ಗುಂಪಿನ ಹಕ್ಕಿ ಎಂದು ಬರೆದ ಎರಡು ಹಳೆಯ ಚೀಟಿಗಳಿದ್ದವು. ಹೊಸ ಪರೀಕ್ಷೆ ಏನೇ ಹೇಳಲಿ, ಹಳೆಯ ಚೀಟಿ ಕೀಳುವಂತಿಲ್ಲ, ಪಕ್ಕದಲ್ಲಿ ಹೊಸದನ್ನು ಕಟ್ಟಬೇಕು ಎಂಬುದು ಅಲ್ಲಿನ ಕಟ್ಟುನಿಟ್ಟಿನ ನಿಯಮ.

ಎರಡನೆಯದು ಅವಳ ಅಪ್ಪನ ಕೈಬರಹ: ‘ದೊಡ್ಡ ಕಡಲಹಕ್ಕಿಗಳ ಗುಂಪಿಗೆ ಸೇರಿದ್ದು.’ ಇದೇ ಕುರ್ಚಿಯಲ್ಲಿ ಮೂವತ್ತು ವರ್ಷ ಕೂತು, ಆ ಒಂದು ಮಾತಿಗಾಗಿ ಊರೆಲ್ಲ ಜಗಳವಾಡಿ ನಿವೃತ್ತರಾದವರು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು, ಕೋಪವಂತೂ ಮೂಗಿನ ತುದಿಯಲ್ಲೇ. ಈಗ ವಂಶವಾಹಿ ಪರೀಕ್ಷೆಯಲ್ಲಿ ಹಕ್ಕಿ ಆ ಗುಂಪಿನದಲ್ಲ, ಅದರದ್ದೇ ಬೇರೆ ಗುಂಪು ಎಂದು ಬಂದಿತ್ತು. ಮೂರು ದಿನದಿಂದ ಅವಳು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ.

ಹೊಸ ಚೀಟಿ ಬರೆದು ಮುಗಿಸುವಷ್ಟರಲ್ಲಿ ಅಪ್ಪನೇ ಬಾಗಿಲಲ್ಲಿ ನಿಂತಿದ್ದರು.

“ಊಟದ ಡಬ್ಬಿ ಮರೆತು ಬಂದಿದ್ದೀಯ. ಅದೇನು ಮುಚ್ಚಿಡ್ತಿದ್ದೀಯ?”

ಅವಳು ಚೀಟಿ ಕೊಟ್ಟಳು. ಅಪ್ಪ ಎರಡು ಸಲ ಓದಿದರು. ಅವರ ಕಿವಿ ಕೆಂಪಾಯಿತು. ಆಮೇಲೆ ಹಕ್ಕಿಯ ಮೊದಲ ಚೀಟಿ ಮುಟ್ಟಿ, “ಇದು ನಮ್ಮ ಮೇಷ್ಟ್ರದ್ದು. ಪಕ್ಕದಲ್ಲಿ ನನ್ನದು ಕಟ್ಟಿದ್ದಕ್ಕೆ ಆರು ತಿಂಗಳು ಮಾತು ಬಿಟ್ಟಿದ್ರು,” ಎಂದರು.

“ನೀವೆಷ್ಟು ದಿನ ಬಿಡ್ತೀರಪ್ಪ?”

ಅವರು ಚೀಟಿ ಹಿಂದಕ್ಕೆ ಕೊಟ್ಟರು. ಅವಳು ಅದನ್ನು ಹಕ್ಕಿಯ ಕಾಲಿಗೆ ಇಟ್ಟು ದಾರ ಸುತ್ತತೊಡಗಿದಳು.

“ಕಾಲಿಡೀ ಸುತ್ತಿಬಿಟ್ಟೆಯಲ್ಲೇ!” ಅಪ್ಪ ಗದರಿದರು. “ಸ್ವಲ್ಪ ಜಾಗ ಬಿಡು. ನಾಳೆ ನಿನ್ನದೂ ತಪ್ಪು ಅನ್ನೋರು ಬರ್ತಾರೆ, ಅವರೆಲ್ಲಿ ಕಟ್ಟಬೇಕು?”