ಹುಳುಮನೆಯ ಅತಿಥಿಗಳು

ಮೂರು ವರ್ಷ, ಮೂರು ಫೈನಲ್, ಮೂರೂ ಸಲ ಮಲ್ಪೆ ಕಡೆಯ ಅದೇ ಹುಡುಗಿಯರ ಕೈಲಿ ಸೋಲು. ಜಂಗಮಕೋಟೆಯ ಬ್ಯಾಸ್ಕೆಟ್‌ಬಾಲ್ ಕೋಚ್ ಪದ್ಮಶ್ರೀಗೆ ಆ ಕಡಲತೀರದ ಊರಿನ ಹೆಸರೆತ್ತಿದರೇ ಮೈ ಉರಿಯುತ್ತಿತ್ತು. ಆಟವೆಲ್ಲ ಅವರೂರಿನಲ್ಲೇ, ಅಲ್ಲಿನ ಸೆಕೆಗೆ ಇವಳ ಹುಡುಗಿಯರು ಅರ್ಧ ಆಟಕ್ಕೇ ಬಸವಳಿಯುತ್ತಿದ್ದರು. ಈ ಸಲ ಫೈನಲ್ ಚಿಕ್ಕಬಳ್ಳಾಪುರದಲ್ಲಿ, ಸಮುದ್ರಕ್ಕಿಂತ ಮೂರು ಸಾವಿರ ಅಡಿ ಮೇಲೆ. ಒಮ್ಮೆಯಾದರೂ ಗೆಲ್ಲಬೇಕಿತ್ತು ಅವಳಿಗೆ.

ಅದಕ್ಕೇ ಆಟದ ರೀತಿಯನ್ನೇ ಬದಲಿಸಿದಳು. ನಿಧಾನಕ್ಕೆ ಪಾಸ್ ಕೊಡುವುದೆಲ್ಲ ಬಂದ್. ಚೆಂಡು ಸಿಕ್ಕರೂ ಓಟ, ಕೈತಪ್ಪಿದರೂ ಓಟ. ನಂದಿ ಬೆಟ್ಟದ ಮೆಟ್ಟಿಲು ಹತ್ತಿಸಿ ಹತ್ತಿಸಿ ಹುಡುಗಿಯರಿಂದ ಬೈಸಿಕೊಂಡಳು. ಮಲ್ಪೆಯವರು ಆಟದ ಹಿಂದಿನ ಸಂಜೆ ಬಂದಿಳಿದು, ಮರುದಿನ ಈ ತೆಳುಗಾಳಿಯಲ್ಲಿ ಏದುಸಿರು ಬಿಡಬೇಕು, ಅಷ್ಟೇ.

ಅತ್ತೆ ಅಕ್ಕಯ್ಯಮ್ಮನನ್ನು ಮಾತ್ರ ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ.

ದಸರಾ ರಜೆಯ ಮೊದಲ ದಿನ ಮನೆಗೆ ಬಂದರೆ ರೇಷ್ಮೆಹುಳು ಸಾಕುವ ಹುಳುಮನೆಯ ಮುಂದೆ ರಾಶಿ ಶೂ. ಗೂಡು ಮಾರಿ, ತೊಳೆದು, ಮುಂದಿನ ಬೆಳೆಗೆ ಖಾಲಿ ಬಿಟ್ಟಿದ್ದ ಆ ಜಾಗದಲ್ಲಿ ಮಲ್ಪೆಯ ಹುಡುಗಿಯರು ಚಾಪೆ ಹಾಸುತ್ತಿದ್ದರು.

"ಹೋದ ವಾರ ನೀನು ಫೋನ್ ಮನೇಲೇ ಮರೆತು ಹೋಗಿದ್ಯಲ್ಲ, ಅವರ ಕೋಚಮ್ಮ ಮಾಡಿತ್ತು. ಅಲ್ಲಿ ಮಳೆ ನಿಂತಿಲ್ವಂತೆ, ಆಡಕ್ಕೆ ಜಾಗ ಇಲ್ವಂತೆ. ಹುಳುಮನೆ ಖಾಲಿ ಐತೆ, ಹತ್ತು ದಿನ ಮುಂಚೇನೇ ಬಂದ್ಬಿಡ್ರಮ್ಮ ಅಂದೆ," ಎಂದಳು ಅಕ್ಕಯ್ಯಮ್ಮ.

"ಅಯ್ಯೋ ಅತ್ತಮ್ಮಾ! ಅವರಿಗೆ ನಮ್ಮ ಗಾಳಿ ಅಭ್ಯಾಸ ಆಗಬಾರದು ಅಂತಾನೇ ನಾನು ಇಷ್ಟೆಲ್ಲ ಒದ್ದಾಡ್ತಿರೋದು!"

"ಗಾಳಿ ಏನು ನಮ್ಮಪ್ಪಂದೇನಮ್ಮ?"

ಪದ್ಮಶ್ರೀ ಹಲ್ಲು ಕಚ್ಚಿಕೊಂಡಳು. ಹತ್ತು ದಿನವೂ ಅವರಿಗೆ ಬಿಸಿ ಮುದ್ದೆ, ಬಸ್ಸಾರು. ಸಾಲದ್ದಕ್ಕೆ, ಪಾಪ ಬೆಟ್ಟ ನೋಡಿಲ್ಲವಂತೆ ಎಂದು ಅಕ್ಕಯ್ಯಮ್ಮ ಟೆಂಪೋ ಮಾಡಿಸಿ ಎರಡು ಸಲ ಅದೇ ನಂದಿಗೆ ಕಳಿಸಿದಳು, ಬುಡದಿಂದ ಮೇಲಕ್ಕೆ ಮೆಟ್ಟಿಲ ದಾರಿಯಲ್ಲೇ.

ಫೈನಲ್‌ನ ಕೊನೆಯ ನಿಮಿಷ. ಅಂಕ ಸಮಸಮ. ಪದ್ಮಶ್ರೀಯ ನಾಯಕಿ ತನುಶ್ರೀ ಚೆಂಡು ಹಿಡಿದು ಓಡಿದಳು. ಬೆನ್ನ ಹಿಂದೆಯೇ ಮಲ್ಪೆಯ ಹುಡುಗಿ, ಏದುಸಿರೇ ಇಲ್ಲ. ಚೆಂಡು ಕಸಿದು, ತಿರುಗಿ ಓಡಿ, ಬುಟ್ಟಿಗೆ ಹಾಕಿಯೇಬಿಟ್ಟಳು. ಮತ್ತೆ ಸೋಲು, ಎರಡೇ ಅಂಕದಿಂದ. ಗೆದ್ದವರೆಲ್ಲ ಹೋಗಿ ಅಕ್ಕಯ್ಯಮ್ಮನ ಕಾಲಿಗೆ ಬಿದ್ದರು.

ಪದ್ಮಶ್ರೀಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. "ಸಮಾಧಾನ ಆಯ್ತಾ ಅತ್ತಮ್ಮ?"

"ಅಳಬೇಡ ಕಣಮ್ಮ. ಮುಂದಿನ ವರ್ಷ ಆಟ ಅವರೂರಲ್ಲೇ ಅಂತೆ. ಆ ಸೆಕೆ ನಮ್ಮ ಮಕ್ಕಳಿಗೂ ಒಗ್ಗಬೇಕಲ್ಲ, ಹತ್ತು ದಿನ ಮುಂಚೆ ಬರ್ತಾರೆ ಅಂತ ಹೇಳಿದೀನಿ. ಕೋಚಮ್ಮ ಅವರ ಮನೇಲೇ ಇಳಿಸ್ಕೊಳ್ತೀನಿ ಅಂತು."

ಪದ್ಮಶ್ರೀ ಮೂಗು ಒರೆಸಿಕೊಂಡು ಅತ್ತೆಯನ್ನು ದುರುಗುಟ್ಟಿ ನೋಡಿದಳು.

"ಹತ್ತು ಯಾಕೆ ಅಂದ್ರಿ? ಹದಿನೈದು ಅನ್ನಬೇಕಿತ್ತು."