ರತ್ನಾವತಿ ಎಷ್ಟು ವಿಷಯ ತೆಗೆದುಕೊಂಡಳು?

ಮುಂಬಯಿ ಹತ್ತಿರದ ಠಾಕುರ್ಲಿಯ ರತ್ನಾವತಿಯ ಮನೆಯಲ್ಲಿ ಟಿ.ವಿ.ಯ ಮೇಲ್ಗಡೆ ಗೋಡೆಗೆ ಒಂದು ಮೊಳೆ ಹೊಡೆದಿತ್ತು. ಅದಕ್ಕೆ ಏನನ್ನೂ ತೂಗುಹಾಕಿರಲಿಲ್ಲ. ಬಂದವರು ಕೇಳಿದರೆ ಗಂಡ ಜಯಶೀಲ ಕುರ್ಚಿ ಎಳೆದುಕೊಂಡು ಕೂತು ವಿವರಿಸುತ್ತಿದ್ದ: “ಅದು ಫೋಟೊಕ್ಕೆ. ತಾಯಿ ಮಗಳು ಒಂದೇ ವರ್ಷ ಡಿಗ್ರಿ ಮುಗಿಸಿ, ಕಪ್ಪು ಗೌನು ಹಾಕಿ ಒಟ್ಟಿಗೆ ನಿಲ್ತಾರೆ. ಜಾಗ ಈಗಲೇ ಹಿಡಿದಿಟ್ಟದ್ದು.” ಲೋಕಲ್‌ನಲ್ಲಿ ಕರವಸ್ತ್ರ ಹಾಕಿ ಸೀಟು ಹಿಡಿದು ಅಭ್ಯಾಸವಾದ ಮನುಷ್ಯ, ಗೋಡೆಯನ್ನು ಬಿಟ್ಟಾನೆಯೇ?

ಕಾರ್ಕಳದಲ್ಲಿ ಪಿಯುಸಿ ಮುಗಿಸಿ, ಮದುವೆಯಾಗಿ ಇತ್ತ ಬಂದವಳು ರತ್ನಾವತಿ. ಈಗ ನಲವತ್ತೆರಡು ವರ್ಷ. ಥಾಣೆಯ ನೌಪಾಡಾದಲ್ಲಿ ಹಲ್ಲಿನ ಡಾಕ್ಟರ ದವಾಖಾನೆಯಲ್ಲಿ ರಿಸೆಪ್ಷನಿಸ್ಟ್ ಕೆಲಸ. ಮಗಳು ನಿಕಿತಾ ಕಾಲೇಜು ಸೇರಿದ ಜೂನ್ ತಿಂಗಳಲ್ಲೇ ಅವಳೂ ದೂರಶಿಕ್ಷಣದ ಬಿ.ಎ.ಗೆ ಹೆಸರು ಕೊಟ್ಟಳು. ಎಷ್ಟು ವಿಷಯ ಎಂದು ಕೇಳಿದಾಗ ಯೋಚನೆಯನ್ನೇ ಮಾಡಲಿಲ್ಲ. ಮಗಳ ಜೊತೆ ಮುಗಿಯಬೇಕಾದರೆ ಎಲ್ಲವೂ ಬೇಕು. ಐದು ವಿಷಯ ತೆಗೆದುಕೊಂಡಳು. ಅದು ಸಾಲದೆಂಬಂತೆ ಒಂದು ಕಂಪ್ಯೂಟರ್ ಕೋರ್ಸನ್ನೂ ಸೇರಿಸಿಕೊಂಡಳು.

“ಇಷ್ಟು ಮಾಡುವವಳಿಗೆ ಅದೊಂದು ಭಾರವಾ?” ಎಂದ ಜಯಶೀಲ. ಪ್ರೀತಿಯಿಂದಲೇ ಹೇಳಿದ ಮಾತು ಅದು.

ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಕೈಕೊಟ್ಟವು. ಎರಡನೆಯದಕ್ಕೆ ಹೊಸ ಐದು, ಹಳೆಯ ಎರಡು, ಕಂಪ್ಯೂಟರ್ ಬೇರೆ. ಬೆಳಗಿನ ಚಪಾತಿ ಲಟ್ಟಿಸುವಾಗ ಇತಿಹಾಸ, ರೈಲಿನಲ್ಲಿ ಅರ್ಥಶಾಸ್ತ್ರ. ಓದಿದ್ದು ಯಾವುದೂ ತಲೆಯಲ್ಲಿ ನಿಲ್ಲಲಿಲ್ಲ. ಮಗಳು ಹತ್ತಿರ ಬಂದು ಕೂತರೆ ಸಿಡುಕುವಂತಾಯಿತು. ಅಷ್ಟು ಆಸೆಪಟ್ಟು ಹಿಡಿದ ಪುಸ್ತಕವನ್ನು ಕಂಡರೇ ಅವಳಿಗೆ ಎದೆ ಭಾರವಾಗತೊಡಗಿತು.

ಫೆಬ್ರವರಿಯ ಒಂದು ಸಂಜೆ ಥಾಣೆಯಲ್ಲಿ ಬಂದ ಗಾಡಿ ಹತ್ತಿ ಪುಸ್ತಕ ತೆರೆದಳು. ಅದು ಫಾಸ್ಟ್ ಲೋಕಲ್. ಠಾಕುರ್ಲಿಯಲ್ಲಿ ಫಾಸ್ಟ್ ನಿಲ್ಲುವುದಿಲ್ಲ. ಇಪ್ಪತ್ತು ವರ್ಷದಿಂದ ಓಡಾಡುವವಳಿಗೆ ಗೊತ್ತಿಲ್ಲದ್ದೇನಲ್ಲ. ತಲೆಯೆತ್ತಿ ನೋಡುವಷ್ಟರಲ್ಲಿ ಅವಳ ಸ್ಟೇಷನ್ನು, ಅದರಾಚೆ ಅವಳದೇ ಬಿಲ್ಡಿಂಗು, ಅಡುಗೆಮನೆಯಲ್ಲಿ ನಿಕಿತಾ ಹಚ್ಚಿದ ದೀಪ, ಎಲ್ಲವೂ ಕಣ್ಣೆದುರೇ ಹಿಂದಕ್ಕೆ ಸರಿದುಹೋದವು. ಮುಂದಿನ ಸ್ಟೇಷನ್ ಕಲ್ಯಾಣದಲ್ಲಿಳಿದು ಬೆಂಚಿನ ಮೇಲೆ ಕೂತು ಅವಳು ಅತ್ತಳು.

“ರತ್ನಕ್ಕಾ, ಇಲ್ಯಾಕ ಕುಂತೀರಿ?”

ಕಾಳವ್ವ. ಕಲ್ಯಾಣದ ವಿಮಾ ಕಚೇರಿಯಲ್ಲಿ ಕೆಲಸ, ಠಾಕುರ್ಲಿಯಲ್ಲಿ ಎದುರುಮನೆ. ಅವಳೂ ಅದೇ ಬಿ.ಎ. ಓದುತ್ತಿದ್ದವಳು, ಎರಡು ವರ್ಷ ಮೊದಲೇ ಸೇರಿದ್ದಳು.

“ನಾನು ಬಿಟ್ಟುಬಿಡ್ತೇನೆ ಕಾಳವ್ವ,” ಎಂದಳು ರತ್ನಾವತಿ. “ಈ ವಯಸ್ಸಲ್ಲಿ ನನ್ನಿಂದ ಆಗುದಿಲ್ಲ. ತಲೆಗೇ ಹೋಗುದಿಲ್ಲ.”

“ತಲಿ ಛಲೋನ ಐತ್ರಿ. ಹೊರೆ ಜಾಸ್ತಿ ಆಗೇತಿ.” ಕಾಳವ್ವ ಪಕ್ಕದಲ್ಲಿ ಕೂತಳು. “ಒಂದು ವಿಷಯಕ್ಕ ವಾರದಾಗ ಎಷ್ಟು ತಾಸು ಓದ್ಬೇಕು, ಕೇಳೀರೇನು?”

“ಇಲ್ಲ.”

“ಹೆಚ್ಚುಕಡಿಮಿ ಐದು ತಾಸು. ಏಳು ವಿಷಯಕ್ಕ ಮೂವತ್ತೈದು. ಅದು ಇನ್ನೊಂದು ನೌಕರಿ ಆತಲ್ರೀ. ದವಾಖಾನಿ, ರೈಲು, ಅಡಿಗಿ ಎಲ್ಲಾ ಮುಗಿದ ಮ್ಯಾಲೆ ನಿಮಗ ಖರೇ ಉಳಿಯೋದು ಎಷ್ಟು?”

ರತ್ನಾವತಿ ಮನಸ್ಸಿನಲ್ಲೇ ವಾರವನ್ನು ಹರವಿಕೊಂಡಳು. ಎಷ್ಟು ಎಳೆದಾಡಿದರೂ ಇಪ್ಪತ್ತು ತಾಸು ದಾಟಲಿಲ್ಲ.

“ಹಂಗಾರ ನಾಲ್ಕು ವಿಷಯ ತಗೋರಿ. ಹಳೇವು ಎರಡು, ಹೊಸಾವು ಎರಡು. ಕಂಪ್ಯೂಟರ್ ಬ್ಯಾಸಗಿ ಸೂಟ್ಯಾಗ ನೋಡೋಣು. ನಮ್ಮ ಕೋರ್ಸಿನ್ಯಾಗ ಉಳಿದದ್ದು ಮುಂದ ತಗೊಳ್ಳಾಕ ಬಿಡ್ತಾರ, ಮುಗಿಸಾಕ ವರ್ಷಾನೂ ಹೆಚ್ಚು ಕೊಡ್ತಾರ. ನಾನೂ ಹಂಗ ಮಾಡೀನಿ. ಓದು ಬಿಡಬ್ಯಾಡ್ರಿ. ಹೊರೆ ಕಡಿಮಿ ಮಾಡ್ರಿ.”

“ಅಂದ್ರೆ ನಿಕಿತಾನ ಜೊತೆ ಮುಗಿಯುದಿಲ್ಲ.”

“ಮುಗ್ಯಾಂಗಿಲ್ಲ,” ಎಂದಳು ಕಾಳವ್ವ. ಸುಳ್ಳು ಸಮಾಧಾನ ಹೇಳುವ ಹೆಂಗಸಲ್ಲ ಅವಳು. ರತ್ನಾವತಿಯ ಕೈಯನ್ನು ಮಾತ್ರ ಬಿಡಲಿಲ್ಲ. ಇಬ್ಬರೂ ಸ್ಲೋ ಲೋಕಲ್ ಹಿಡಿದು ಮನೆಗೆ ಬಂದರು.

ಊಟಕ್ಕೆ ಕೂತಾಗ ರತ್ನಾವತಿ ಕಾಳವ್ವ ಹೇಳಿದ ಮಾತು ತೆಗೆದಳು. ಜಯಶೀಲನ ಮುಖ ಸಣ್ಣದಾಯಿತು. ಅವನ ಕಣ್ಣು ತಾನಾಗಿ ಮೊಳೆಯ ಕಡೆಗೆ ಹೋಯಿತು.

“ಇಷ್ಟು ದೂರ ಬಂದು ಈಗ ಕಡಿಮೆ ಮಾಡುದಾ? ಸ್ವಲ್ಪ ಕಷ್ಟಪಟ್ಟರೆ...” ಎಂದು ಶುರುಮಾಡಿದ.

ನಿಕಿತಾ ಅಪ್ಪನ ಮಾತನ್ನು ಅಲ್ಲಿಗೇ ತಡೆದಳು. “ಮಮ್ಮೀ, ತೂ ಫೋಟೊ ಕೆ ಲಿಯೆ ಪಢ್ ರಹೀ ಹೈ ಕ್ಯಾ?”

“ನಾನು ಓದುದು ಫೋಟೊಕ್ಕಲ್ಲ ಮಗಾ,” ಎಂದಳು ರತ್ನಾವತಿ. “ನನಗೆ ಓದುದು ಅಂದ್ರೆ ಇಷ್ಟ ಇತ್ತು. ಅದೇ ಹೋಗಿಬಿಟ್ಟಿದೆ. ಅದು ವಾಪಸ್ ಬೇಕು.”

ಜಯಶೀಲ ತುತ್ತು ಕಲಸುವುದನ್ನು ನಿಲ್ಲಿಸಿದ. ಹೆಂಡತಿಯ ಕಣ್ಣಿನ ಕೆಳಗಿನ ಕಪ್ಪನ್ನು ಅವನು ಅಂದೇ ಮೊದಲ ಸಲ ಸರಿಯಾಗಿ ನೋಡಿದ. ತನ್ನ ಆಸೆಯೇ ಅವಳ ಹೆಗಲ ಮೇಲೆ ಕೂತಿತ್ತೆಂದು ತಿಳಿದು ಅವನಿಗೆ ನಾಚಿಕೆಯಾಯಿತು. “ಆಯ್ತು ಮಾರಾಯ್ತಿ,” ಎಂದ. “ನಾಲ್ಕೇ ತಗೋ. ರಾತ್ರಿಯ ಪಾತ್ರೆ ಇನ್ನು ನಂದು.”

ಮರುದಿನವೇ ರತ್ನಾವತಿ ಅಧ್ಯಯನ ಕೇಂದ್ರಕ್ಕೆ ಹೋಗಿ, ನಿಯಮ ಕೇಳಿಕೊಂಡು, ವಿಷಯಗಳನ್ನು ನಾಲ್ಕಕ್ಕೆ ಇಳಿಸಿ ಬಂದಳು. ಆ ಸಲ ನಾಲ್ಕರಲ್ಲೂ ಪಾಸಾದಳು. ಅದಕ್ಕಿಂತ ಹೆಚ್ಚಾಗಿ, ಚಪಾತಿ ಲಟ್ಟಿಸುವಾಗ ಅವಳು ಮತ್ತೆ ಹಾಡು ಗುನುಗತೊಡಗಿದಳು.

ಫಲಿತಾಂಶ ಬಂದ ಭಾನುವಾರ ಜಯಶೀಲ ಸ್ಟೂಲು ಹತ್ತಿ ಸುತ್ತಿಗೆ ಕೇಳಿದ. ಮೊದಲಿನ ಮೊಳೆಯನ್ನು ಕೀಳುತ್ತಾನೆಂದುಕೊಂಡು ರತ್ನಾವತಿ ತಂದುಕೊಟ್ಟಳು. ಅವನು ಅದರ ಪಕ್ಕದಲ್ಲೇ ಇನ್ನೊಂದು ಹೊಡೆದ.

“ಇದು ಮಗಳದ್ದು,” ಎಂದು ಹಳೆಯದನ್ನು ತೋರಿಸಿದ. ಹೊಸದರ ಮೇಲೆ ಕೈಯಿಟ್ಟು, “ಇದು ನಿನ್ನದು. ನೀನು ಮುಗಿಸಿ ಬರುವ ತನಕ ಇಲ್ಲೇ ಇರ್ತದೆ.”

ಓದುವ ಅಕ್ಕಂದಿರೇ, ಮಕ್ಕಳನ್ನು ಓದಿಸುವ ಅಪ್ಪ ಅಮ್ಮಂದಿರೇ, ಹೆಸರು ಕೊಡುವ ಮೊದಲು ನಿಮ್ಮ ವಾರವನ್ನೊಮ್ಮೆ ನೋಡಿಕೊಳ್ಳಿ. ಕೆಲಸ, ರೈಲು, ಮನೆ, ನಿದ್ದೆ ಎಲ್ಲ ಕಳೆದು ಉಳಿಯುವ ಹೊತ್ತಿಗೆ ತಕ್ಕಷ್ಟೇ ವಿಷಯ ತೆಗೆದುಕೊಳ್ಳಿ. ಎಷ್ಟನ್ನು ಮುಂದಕ್ಕೆ ಇಟ್ಟುಕೊಳ್ಳಬಹುದು, ಬದಲಿಸಲು ಕೊನೆಯ ದಿನ ಯಾವುದು, ಶುಲ್ಕ ಏನಾಗುತ್ತದೆ ಎಂದು ಕೇಂದ್ರದಲ್ಲಿ ಕೇಳಿ. ಒಂದೊಂದು ಕಡೆ ಒಂದೊಂದು ನಿಯಮವಿರುತ್ತದೆ, ಕೇಳುವುದಕ್ಕೆ ಸಂಕೋಚ ಬೇಡ. ನಿಮ್ಮ ಮನೆಯಲ್ಲಿ ಯಾರಾದರೂ ಪುಸ್ತಕ ಮುಚ್ಚಿಟ್ಟು “ನನ್ನಿಂದಾಗದು” ಎಂದರೆ, ಹೊರೆ ಎಷ್ಟಿದೆ ಎಂದು ಮೊದಲು ಅವರ ಪಕ್ಕದಲ್ಲಿ ಕೂತು ಕೇಳಿ. ಗೋಡೆಯಲ್ಲಿ ಜಾಗ ಬೇಕಾದಷ್ಟಿದೆ.